ಗಾಳಿ ಹೇಳಿದ ಹೊತ್ತಿಗೆ

ಪಣಂಬೂರು ಬೀಚಿಗೆ ಬರುವವರಲ್ಲಿ ಹೆಚ್ಚಿನವರು ಬರುವುದೇ ತಪ್ಪು ಹೊತ್ತಿಗೆ. ಧರ್ಮಸ್ಥಳ, ಕಟೀಲು ಮುಗಿಸಿ, ಸಂಜೆ ಐದಕ್ಕೆ ಟೆಂಪೊ ಟ್ರಾವೆಲರ್‌ನಿಂದ ಇಳಿದು, ಸೂರ್ಯ ಮುಳುಗುವುದನ್ನು ಮೊಬೈಲಿನಲ್ಲಿ ಹಿಡಿದು, ಒದ್ದೆ ಪ್ಯಾಂಟಿನಲ್ಲೇ ಏಳಕ್ಕೆ ಹೊರಟರೆ ಅವರ ಪಾಲಿನ ಕಡಲು ಮುಗಿಯಿತು. ಅವರು ನೋಡಿದ್ದು ಕಡಲಿನ ದಿನದ ಕೊನೆಯ ಪಾಳಿಯನ್ನು ಮಾತ್ರ. ಬೆಳಗಿನಿಂದ ಅಲ್ಲಿ ಏನೇನು ಆಗಿಹೋಗಿದೆ ಎಂಬುದರ ಸುಳಿವೂ ಆ ಜನಜಂಗುಳಿಯಲ್ಲಿ ಸಿಗುವುದಿಲ್ಲ. ಮಂಗಳೂರಿನ ಕಡಲಿಗೆ ಒಂದು ವೇಳಾಪಟ್ಟಿ ಇದೆ, ಅದನ್ನು ಹಾಕಿಕೊಟ್ಟಿರುವುದು ಗಾಳಿ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಭೂಗಾಳಿ, ಸಮುದ್ರಗಾಳಿ ಎಂದು ಬಾಣದ ಗುರುತು ಹಾಕಿದ ಚಿತ್ರವೊಂದು ಇರುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ನಾವೆಲ್ಲ ಮರೆತ ಆ ಪಾಠ ಇಲ್ಲಿ ದಿನಾ ನಡೆಯುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ಕಾವನ್ನು ಹಿಡಿದುಕೊಂಡಿರುತ್ತದೆ. ಆಗ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ನೆಲಕ್ಕೆ. ಮಳೆ ಹೋಗಿ ಚಳಿ ಕಾಲಿಟ್ಟ ತಿಂಗಳುಗಳಲ್ಲಿ ಈ ಬದಲಾವಣೆ ತೀರಾ ಸ್ಪಷ್ಟ. ಬೆಳಿಗ್ಗೆ ಒಂಬತ್ತು ಹತ್ತರವರೆಗೆ ಮೂಡುಗಾಳಿ, ಆಮೇಲೆ ಸ್ವಲ್ಪ ಹೊತ್ತು ಎಲೆ ಅಲುಗದ ಸೆಕೆ, ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ, ಮೂರು ನಾಲ್ಕು ಗಂಟೆಗೆ ಅದರ ಭರಾಟೆ. ಎಂಜಿನ್ ಬರುವ ಮೊದಲು ಹಾಯಿದೋಣಿಯವರು ನಸುಕಿನ ಗಾಳಿಗೆ ಹೊರಟು ಮಧ್ಯಾಹ್ನದ ಗಾಳಿಗೆ ದಡ ಸೇರುತ್ತಿದ್ದುದು ಇದೇ ಲೆಕ್ಕದಲ್ಲಿ. ಇಂದು ಕಡಲಿಗೆ ಆಡಲು ಬರುವವರಿಗೂ ಲೆಕ್ಕ ಅದೇ. ಈಜುವವರಿಗೆ ಬೆಳಗು, ಗಾಳಿಪಟದವರಿಗೆ ಅಪರಾಹ್ನ. ಅದಲುಬದಲು ಮಾಡಿಕೊಂಡರೆ ಎರಡೂ ಕೆಟ್ಟವು.

ಪಣಂಬೂರು ಕ್ಯಾಲೆಂಡರಿನ ಚಿತ್ರಕ್ಕೆ ಒಗ್ಗುವ ಕಡಲತಡಿಯಲ್ಲ. ದಕ್ಷಿಣಕ್ಕೆ ನವಮಂಗಳೂರು ಬಂದರಿನ ಕಲ್ಲಿನ ತಡೆಗೋಡೆ ಕಡಲೊಳಗೆ ಚಾಚಿದೆ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಬಂದರು ಇದು. ಹೆದ್ದಾರಿಯ ಆಚೆ ರಸಗೊಬ್ಬರ ಕಾರ್ಖಾನೆಯ ಚಿಮಣಿ, ದಿಗಂತದಲ್ಲಿ ಸರದಿಗಾಗಿ ಲಂಗರು ಹಾಕಿದ ಕಚ್ಚಾತೈಲದ ಹಡಗುಗಳು. ಗೋವಾ ನೋಡಿ ಬಂದವರು ಮೂಗು ಮುರಿಯುತ್ತಾರೆ. ನನಗೇನೋ ಈ ಹಿನ್ನೆಲೆಯೇ ಇಷ್ಟ. ದುಡಿಯುವ ಊರೊಂದು ತನ್ನ ಕೆಲಸದ ಪಕ್ಕದಲ್ಲೇ ಆಟಕ್ಕೂ ಒಂದಿಷ್ಟು ಜಾಗ ಬಿಟ್ಟುಕೊಂಡಿದೆ. ಹಂಪನಕಟ್ಟೆಯಿಂದ ಸುಮಾರು ಹತ್ತು ಕಿಲೋಮೀಟರ್. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸುರತ್ಕಲ್ ಕಡೆಯ ಬಸ್ಸು ಹತ್ತಿದರಾಯಿತು. ನಗರದಲ್ಲಿ ಉಳಿದಿರುವ ಅತಿ ದೊಡ್ಡ ಮೈದಾನ ಯಾವುದು ಎಂದು ಕೇಳಿದರೆ ನೆಹರೂ ಮೈದಾನ ಎನ್ನುವವರು ಪಡುವಣಕ್ಕೆ ತಿರುಗಿ ನೋಡಿಲ್ಲ ಎಂದೇ ಅರ್ಥ.

ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಇಳಿತದ ಹೊತ್ತಾದರೆ ನೀರು ಹಿಂದೆ ಸರಿದು ಅಗಲವಾದ ಒದ್ದೆ ಮರಳಿನ ಪಟ್ಟಿ ಬಿಟ್ಟಿರುತ್ತದೆ. ಮೇಲಿನ ಒಣ ಮರಳಿನಲ್ಲಿ ಹೆಜ್ಜೆ ಹೂತು ಮೀನಖಂಡ ಸೋಲುತ್ತದೆ. ಈ ಒದ್ದೆ ಪಟ್ಟಿ ಗಟ್ಟಿ, ಬರಿಗಾಲಿನಲ್ಲಿ ಓಡಲು ಹೇಳಿ ಮಾಡಿಸಿದ್ದು. ಒಂದೇ ಎಚ್ಚರ: ದಡ ನೀರಿನ ಕಡೆಗೆ ವಾಲಿರುವುದರಿಂದ ಒಂದೇ ದಿಕ್ಕಿಗೆ ಬಹಳ ದೂರ ಓಡಿದರೆ ಒಂದು ಬದಿಯ ಮಂಡಿ ತಕರಾರು ತೆಗೆಯುತ್ತದೆ. ಹೋದಷ್ಟೇ ದೂರ ವಾಪಸು ಓಡಿ ಸರಿಮಾಡಿಕೊಳ್ಳಬೇಕು.

ಓಡುವ ಅಭ್ಯಾಸ ಇಲ್ಲದವರು ಕುಕ್ಕುರುಗಾಲಿನಲ್ಲಿ ಕೂತು ಮರಳನ್ನೇ ನೋಡಬಹುದು. ನೀರು ಇಳಿದ ಜಾಗದಲ್ಲಿ ಕಡಲೆಕಾಳಿಗಿಂತ ಸಣ್ಣ ಮರಳಿನ ಉಂಡೆಗಳು ಒಂದು ತೂತಿನ ಸುತ್ತ ಸಾಲುಸಾಲಾಗಿ ಬಿದ್ದಿರುತ್ತವೆ, ಯಾರೋ ಚುಕ್ಕಿ ರಂಗೋಲಿ ಇಟ್ಟು ಗೆರೆ ಎಳೆಯಲು ಮರೆತ ಹಾಗೆ. ಉಗುರಿನಷ್ಟೇ ಗಾತ್ರದ ಏಡಿಯ ಕೆಲಸ ಅದು. ಮರಳನ್ನು ಬಾಯಿಗೆ ತುಂಬಿ, ಅದರಲ್ಲಿ ಅಂಟಿದ ಸೂಕ್ಷ್ಮ ಆಹಾರವನ್ನು ಜಾಲಿಸಿಕೊಂಡು, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದಕ್ಕೆ ದಬ್ಬುತ್ತದೆ. ತಿಂದ ಜಾಗವನ್ನೇ ಮತ್ತೆ ತಿನ್ನದಿರಲು ಈ ಏರ್ಪಾಡು. ನೆರಳು ಬಿದ್ದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ತೂತಿನೊಳಗೆ. ಮುಂದಿನ ಉಬ್ಬರ ಬಂದು ಎಲ್ಲವನ್ನೂ ಅಳಿಸುತ್ತದೆ, ಅದು ಇಳಿದ ಮೇಲೆ ಪುನಃ ಶುರು. ಮಕ್ಕಳನ್ನು ಕರೆದುಕೊಂಡು ಹೋದವರು ಅರ್ಧ ಗಂಟೆ ಇದಕ್ಕೇ ಇಡಬೇಕಾದೀತು.

ಬೆಳಗಿನ ಮೂಡುಗಾಳಿ ಅಲೆಯ ಮುಖಕ್ಕೆ ಎದುರಾಗಿ ಬೀಸುತ್ತದೆ. ಅದರಿಂದ ಅಲೆ ಚದುರದೆ ನುಣುಪಾಗಿ ಎದ್ದು, ನಿಧಾನವಾಗಿ ಮಡಚಿ ಬೀಳುತ್ತದೆ. ಸರ್ಫಿಂಗ್ ಕಲಿಯುವವರು ಬೆಳಗಿನ ಜಾವವೇ ಹಲಗೆ ಹೊತ್ತು ಬರುವುದು ಇದಕ್ಕೇ. ನಮ್ಮ ಕರಾವಳಿಯಲ್ಲಿ ಈ ಆಟ ಬೇರು ಬಿಟ್ಟದ್ದು ಮೂಲ್ಕಿಯಲ್ಲಿ, ಶಾಂಭವಿ ನದಿ ಕಡಲು ಸೇರುವ ಕಡೆ. ಅಲ್ಲಿನ ಮಂತ್ರ ಸರ್ಫ್ ಕ್ಲಬ್ ಇಪ್ಪತ್ತು ವರ್ಷಕ್ಕೂ ಹಿಂದೆ ಕಲಿಸಲು ಹೊರಟಾಗ ಊರಿನವರಿಗೆ ಅದು ವಿದೇಶಿಯರ ಹುಚ್ಚಾಟ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. 2022 ಮತ್ತು 2023ರಲ್ಲಿ ಅದೇ ಸ್ಪರ್ಧೆ ಪಣಂಬೂರಿಗೇ ಬಂತು. ಅಷ್ಟರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಸರ್ಫಿಂಗ್ ಸೇರಿ ಆಗಿತ್ತು, ಹುಚ್ಚಾಟ ಎನ್ನುವವರ ಬಾಯಿ ಕಟ್ಟಿತ್ತು. ಮೂಲ್ಕಿಯಲ್ಲಿ ಕಲಿತ ತನ್ವಿ ಜಗದೀಶ್, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಟ್ಯಾಂಡಪ್ ಪ್ಯಾಡಲ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು. 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ರಮೇಶ್ ಬುದಿಹಾಳ್ ಬೆಳೆದದ್ದು ಕೇರಳದ ಕೋವಳಂನಲ್ಲಿ, ಮೂಲ ನಮ್ಮ ಕರ್ನಾಟಕ.

ಇಂಡಿಯನ್ ಓಪನ್ ಸ್ಪರ್ಧೆಗಳು ಮೇ ತಿಂಗಳ ಕೊನೆ, ಜೂನ್ ಮೊದಲ ದಿನಗಳಲ್ಲಿ ನಡೆಯುವುದಕ್ಕೂ ಕಾರಣ ಗಾಳಿಯೇ. ದೂರದ ಅರಬ್ಬಿ ಸಮುದ್ರದಲ್ಲಿ ಮುಂಗಾರು ಎದ್ದಿರುತ್ತದೆ, ಅದು ತಳ್ಳಿದ ಅಲೆ ಮಳೆಗಿಂತ ಮೊದಲೇ ದಡಕ್ಕೆ ಬರುತ್ತದೆ. ಪಳಗಿದವರಿಗೆ ಅದು ಹಬ್ಬ. ಕಲಿಯುವವರು ಡಿಸೆಂಬರ್ ಜನವರಿಯ ಸೊಂಟದೆತ್ತರದ ಅಲೆಯನ್ನು ನಂಬಿಕೊಳ್ಳುವುದು ವಾಸಿ.

ನೀರಿಗೆ ಇಳಿಯುವ ಮೊದಲು ಹತ್ತು ನಿಮಿಷ ಸುಮ್ಮನೆ ನಿಂತು ಕಡಲನ್ನು ಓದುವ ಅಭ್ಯಾಸ ಘಟ್ಟದ ಮೇಲಿನವರಿಗೆ ಇಲ್ಲ. ಕೆರೆ ಹೊಳೆಯಲ್ಲಿ ಈಜು ಕಲಿತವರಿಗಂತೂ ಧೈರ್ಯ ಹೆಚ್ಚು, ಅಪಾಯವೂ ಹೆಚ್ಚು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ನೀರಿನಡಿಯ ಮರಳದಿಬ್ಬದಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಒಟ್ಟಾಗಿ, ಒಂದು ತೋಡಿನ ರಭಸದಲ್ಲಿ ಕಡಲೊಳಕ್ಕೆ ಹರಿಯುತ್ತದೆ. ಇದರ ಕುತಂತ್ರ ಏನೆಂದರೆ, ಮೇಲಿನಿಂದ ನೋಡಲು ಆ ಜಾಗವೇ ಎಲ್ಲಕ್ಕಿಂತ ಸೌಮ್ಯ. ಎಡಬಲದಲ್ಲಿ ಅಲೆ ಒಡೆದು ಬಿಳಿ ನೊರೆ ಏಳುತ್ತಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ, ನೀರು ಸ್ವಲ್ಪ ಕಪ್ಪಾಗಿ, ಕೆಲವೊಮ್ಮೆ ಮರಳು ಕದಡಿ ಕಂದಾಗಿ ಕಾಣುತ್ತದೆ. ‘ಇಲ್ಲಿ ಅಲೆ ಕಡಿಮೆ, ಇಲ್ಲೇ ಇಳಿಯೋಣ’ ಎಂದು ಸಂಸಾರ ಸಮೇತ ಆರಿಸಿಕೊಳ್ಳುವುದು ಅದನ್ನೇ.

ಅದರ ಸೆಳೆತಕ್ಕೆ ಸಿಕ್ಕಿದವನು ದಡದತ್ತ ಮುಖ ಮಾಡಿ ಕೈ ಬಡಿಯುತ್ತಾನೆ, ಬಡಿದಷ್ಟೂ ಸೋಲುತ್ತಾನೆ. ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಮುಳುಗಿಸುವುದು ಸುಸ್ತು ಮತ್ತು ಗಾಬರಿ. ಮಾಡಬೇಕಾದ್ದು ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ ಈಜುವುದು. ಆ ಹರಿವು ಅಗಲವಾಗಿರುವುದು ಕಡಿಮೆ, ಬದಿಗೆ ದಾಟಿದರೆ ಅಲೆಯೇ ದಡಕ್ಕೆ ತಂದು ಹಾಕುತ್ತದೆ. ಈಜಲು ಶಕ್ತಿಯಿಲ್ಲದಿದ್ದರೆ ಅಂಗಾತ ತೇಲಿ ಕೈ ಎತ್ತಿ ಕರೆಯಬೇಕು. ಸೀಟಿ ಹಿಡಿದು ತಿರುಗುವ ಜೀವರಕ್ಷಕ ಹುಡುಗರು ಇಷ್ಟನ್ನೂ ಬಾಯಿಪಾಠ ಒಪ್ಪಿಸಬಲ್ಲರು, ಕೇಳುವವರು ಬೇಕು. ‘ಅಣ್ಣಾ, ಅಲ್ಲಿ ಬೇಡ ಮಾರಾಯ್ರೆ, ಈಚೆ ಬನ್ನಿ’ ಎಂದರೆ ‘ನನಗೆ ಈಜು ಬರುತ್ತೆ’ ಎಂಬ ಉತ್ತರ. ಆ ಹುಡುಗರಲ್ಲಿ ಅನೇಕರು ಮೀನುಗಾರರ ಮನೆಯವರು. ಕಡಲಿನೊಡನೆ ಜಂಬ ನಡೆಯುವುದಿಲ್ಲ ಎಂಬುದನ್ನು ಅವರಿಗೆ ಯಾವ ತರಬೇತಿಯೂ ಕಲಿಸಬೇಕಾಗಿರಲಿಲ್ಲ.

ಅದೃಷ್ಟವಿದ್ದರೆ ಬೆಳಿಗ್ಗೆ ಕೈರಂಪಣಿ ಎಳೆಯುವುದು ಕಾಣಸಿಗುತ್ತದೆ. ದೋಣಿಯೊಂದು ಬಲೆಯ ಒಂದು ಹಗ್ಗವನ್ನು ದಡದಲ್ಲೇ ಬಿಟ್ಟು, ಅರ್ಧವೃತ್ತ ಸುತ್ತಿ ಬಲೆ ಇಳಿಸುತ್ತಾ ಬಂದು, ಇನ್ನೊಂದು ತುದಿಯನ್ನು ಅದೇ ದಡದಲ್ಲಿ ಸ್ವಲ್ಪ ಆಚೆಗೆ ಮುಟ್ಟಿಸುತ್ತದೆ. ಮತ್ತೆ ಎರಡು ಗುಂಪು, ಎರಡು ಹಗ್ಗ. ಸೊಂಟಕ್ಕೆ ಹಗ್ಗ ಬಿಗಿದು, ಹಿಮ್ಮಡಿ ಮರಳಿಗೆ ಊರಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಎರಡೂ ಗುಂಪು ನಿಧಾನವಾಗಿ ಹತ್ತಿರವಾಗುತ್ತವೆ. ವಾಕಿಂಗ್ ಬಂದ ಬ್ಯಾಂಕಿನವರೂ ಚಪ್ಪಲಿ ಬಿಟ್ಟು ಹಗ್ಗಕ್ಕೆ ಕೈ ಹಚ್ಚುವುದುಂಟು. ಬೇಡ ಎನ್ನುವವರಿಲ್ಲ, ಲಯ ತಪ್ಪಿಸಿದರೆ ಮಾತ್ರ ಬೈಗುಳ ಗ್ಯಾರಂಟಿ. ಬಲೆಯ ಚೀಲ ದಡಕ್ಕೆ ಬಂದಾಗ ಬೂತಾಯಿ, ಬೊಳೆಂಜಿರ್, ನಾಲ್ಕು ನಂಗ್, ಒಂದಿಷ್ಟು ಎಟ್ಟಿ. ಕೆಲವು ದಿನ ಬರೀ ಜೆಲ್ಲಿಮೀನು ಮತ್ತು ಪ್ಲಾಸ್ಟಿಕ್. ಹಿಂದೆ ಇದರ ದೊಡ್ಡಣ್ಣ ರಂಪಣಿ ಇಡೀ ಕೇರಿಯನ್ನೇ ಹಗ್ಗಕ್ಕೆ ಕಟ್ಟುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಮೀನಿನ ಹಿಂಡನ್ನು ಆಳದಲ್ಲೇ ಸುತ್ತುಹಾಕಿ ಹಿಡಿಯತೊಡಗಿದ ಮೇಲೆ ದಡದಲ್ಲಿ ಕಾಯುವ ಆ ಬಲೆಗೆ ಕೆಲಸ ಇಲ್ಲವಾಯಿತು. ಹಗ್ಗ ಜಗ್ಗಾಟವನ್ನು ಬೀಚ್ ಉತ್ಸವಗಳಲ್ಲಿ ಸ್ಪರ್ಧೆಯಾಗಿ ಇಡುವವರಿಗೆ ಇದರ ನೆನಪು ಇದೆಯೋ ಇಲ್ಲವೋ.

ಹನ್ನೊಂದಕ್ಕೆ ಗಾಳಿ ನಿಂತಿರುತ್ತದೆ. ಮರಳು ಅಂಗಾಲು ಸುಡುತ್ತದೆ. ಆಗ ಬೀಚಿನಲ್ಲಿ ಉಳಿಯುವವರು ಪ್ರೇಮಿಗಳು ಮತ್ತು ನಾಯಿಗಳು ಮಾತ್ರ. ಜಾಣರು ಜಾಗ ಬದಲಿಸುತ್ತಾರೆ. ಬಂದರಿನ ಆಚೆ ಬದಿಗೆ, ಕಡಲಿಗೂ ಗುರುಪುರ ನದಿಗೂ ನಡುವೆ ಚಾಚಿಕೊಂಡ ಕಿರಿದಾದ ಮರಳಪಟ್ಟಿಯಲ್ಲಿ ತಣ್ಣೀರುಬಾವಿ ಇದೆ. ಕೂಳೂರಿನಿಂದ ರಸ್ತೆ ಇದೆ ನಿಜ, ಆದರೆ ಹೋಗುವುದಾದರೆ ಬೋಳೂರಿನ ಸುಲ್ತಾನ್ ಬತ್ತೇರಿಯಿಂದಲೇ ಹೋಗಬೇಕು. ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು ಅದು. ನದಿಯಿಂದ ನುಗ್ಗಬಹುದಾದ ಹಡಗುಗಳಿಗೆ ಗುರಿಯಿಟ್ಟ ಕಿಂಡಿಗಳು ಈಗಲೂ ಇವೆ. ಅದರ ಪಕ್ಕದಲ್ಲೇ ಫೆರಿ ದೋಣಿ. ಟಿಕೇಟು ಹರಿದು, ದೋಣಿ ಹತ್ತಿ, ಆಚೆ ದಡ ಮುಟ್ಟುವಷ್ಟರಲ್ಲಿ ಊರು ಹಿಂದೆ ಬಿದ್ದಿರುತ್ತದೆ. ಮೀನಿನ ಬುಟ್ಟಿಯವರು, ಶಾಲೆ ಮಕ್ಕಳು, ಕ್ರಿಕೆಟ್ ಬ್ಯಾಟು ಹಿಡಿದ ಹುಡುಗರು ಒಂದೇ ಹಲಗೆಯ ಮೇಲೆ. ದಿನದ ಎಲ್ಲ ಜಲಕ್ರೀಡೆಗಳಲ್ಲಿ ಅಗ್ಗದ್ದೂ ಸೊಗಸಾದದ್ದೂ ನನ್ನ ಮಟ್ಟಿಗೆ ಇದೇ. ಕಿವಿ ಕಿವುಡಾಗುವಷ್ಟು ಗುಡುಗುತ್ತಾ ಐದು ನಿಮಿಷ ಸುತ್ತು ಹೊಡೆಸಿ ನೂರಾರು ರೂಪಾಯಿ ಎಣಿಸಿಕೊಳ್ಳುವ ಜೆಟ್‌ಸ್ಕಿಯನ್ನು ಅದರ ಮುಂದೆ ನಿವಾಳಿಸಬೇಕು. ಬಾಳೆಹಣ್ಣಿನಾಕಾರದ ಬೋಟು ಹತ್ತುವವರು ಹತ್ತಲಿ, ಲೈಫ್ ಜಾಕೆಟಿನ ಎಲ್ಲ ಬಕಲ್ಲುಗಳೂ ಹಾಕಿಕೊಳ್ಳುತ್ತವೆಯೇ ಎಂದು ತಾವೇ ಎಳೆದು ನೋಡಿಕೊಳ್ಳಲಿ.

ತಣ್ಣೀರುಬಾವಿಯಲ್ಲಿ ಗಾಳಿಮರದ ನೆರಳಿದೆ, ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಇದೆ. ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಮೇಲೊಂದು ತವಾ ಫ್ರೈ; ಮೀನು ತಿನ್ನದವರಿಗೆ ಬುತ್ತಿಯೇ ಗತಿ. ಉಂಡು ಒಂದು ಗಂಟೆಯಾದರೂ ಮರದ ಬುಡದಲ್ಲಿ ಮೈಚೆಲ್ಲದಿದ್ದರೆ ಆ ಊಟಕ್ಕೆ ಅವಮಾನ.

ಗಾಳಿಮರದ ಸೂಜಿಯೆಲೆಗಳು ಸದ್ದು ಮಾಡತೊಡಗಿದರೆ ಪಡುಗಾಳಿ ಬಂತೆಂದು ಲೆಕ್ಕ. ಇನ್ನು ಗಾಳಿಪಟದ ಹೊತ್ತು. ಕಟ್ಟಡವಿಲ್ಲ, ತಂತಿಯಿಲ್ಲ, ಗುಡ್ಡದ ತಡೆಯಿಲ್ಲ. ತೆರೆದ ನೀರಿನ ಮೇಲೆ ಬಂದ ಗಾಳಿಯಲ್ಲಿ ಗೊಂದಲ ಇರುವುದಿಲ್ಲ. ಊರೊಳಗಿನ ಮಾಳಿಗೆಯ ಮೇಲೆ ಗಿರಕಿ ಹೊಡೆದು ಬೀಳುವ ಪಟ ಇಲ್ಲಿ ಎತ್ತಿ ಬಿಟ್ಟರೆ ಸಾಕು, ದಾರ ಕೇಳುತ್ತದೆ. ಬೀಚಿನಲ್ಲಿ ಎಲ್ಲರೂ ಕಡಲು ನೋಡುತ್ತಿದ್ದರೆ ಗಾಳಿಪಟದವರೊಬ್ಬರೇ ಕಡಲಿಗೆ ಬೆನ್ನು ಹಾಕಿ ನಿಲ್ಲುವವರು. ಅವರ ಪಟ ತೆಂಗಿನ ತೋಟದ ಮೇಲೆ.

ಟೀಮ್ ಮಂಗಳೂರು ಎಂಬ ಹವ್ಯಾಸಿ ತಂಡ ಈ ಆಟವನ್ನು ಎಲ್ಲಿಗೆ ಒಯ್ದಿತೆಂದರೆ, ಅವರು ಕಟ್ಟಿದ 36 ಅಡಿ ಎತ್ತರದ ಕಥಕ್ಕಳಿ ಗಾಳಿಪಟ ಲಿಮ್ಕಾ ದಾಖಲೆ ಪುಸ್ತಕ ಸೇರಿತು, ತಂಡ ಫ್ರಾನ್ಸಿನ ಉತ್ಸವಗಳವರೆಗೂ ಹೋಗಿಬಂತು. ಪಣಂಬೂರು, ತಣ್ಣೀರುಬಾವಿಗಳಲ್ಲಿ ಅವರು ನಡೆಸಿದ ಅಂತಾರಾಷ್ಟ್ರೀಯ ಉತ್ಸವಗಳಲ್ಲಿ ಒಂದು ದೊಡ್ಡ ಪಟ ಏಳುವುದನ್ನು ಹತ್ತಿರ ನಿಂತು ನೋಡಬೇಕು. ಮರಳ ಮೇಲೆ ರಾಶಿ ಬಿದ್ದ ಬಣ್ಣದ ನೈಲಾನ್ ಬಟ್ಟೆ. ನಾಲ್ಕೈದು ಮಂದಿ ಅದರ ಬಾಯಿಯನ್ನು ಗಾಳಿಗೆ ಹಿಡಿಯುತ್ತಾರೆ. ಬಟ್ಟೆಯ ಒಳಗೆ ಏನೋ ಹೊರಳಿದ ಹಾಗಾಗುತ್ತದೆ, ಒಂದು ಈಜುರೆಕ್ಕೆ ಉಬ್ಬುತ್ತದೆ, ಆಮೇಲೆ ಬಾಲ. ಒಮ್ಮೆಲೇ ಇಡೀ ತಿಮಿಂಗಿಲ ನೆಲ ಬಿಟ್ಟು ಏಳುತ್ತದೆ. ಅದಕ್ಕೆ ದಾರ ಸಾಲದು, ಹಗ್ಗ. ಹಗ್ಗದ ಬುಡ ಮರಳಿನೊಳಗೆ ಹೂತ ಗೂಟಕ್ಕೋ ಮರಳು ತುಂಬಿದ ಮೂಟೆಗೋ. ಕೈಗವಸು ಇಲ್ಲದೆ ಹಿಡಿಯಲು ಹೋದವರ ಅಂಗೈಗೆ ಗಾಳಿಯ ಬಲ ಎಷ್ಟೆಂದು ಗೊತ್ತಾಗುತ್ತದೆ.

ನಾಲ್ಕೂವರೆಯಿಂದ ಜನ. ಐದೂವರೆಗೆ ಜಾತ್ರೆ. ಟೆನಿಸ್ ಬಾಲ್ ಕ್ರಿಕೆಟಿಗೆ ಇಲ್ಲಿ ಒಂದು ಸ್ಥಳೀಯ ಕಾನೂನಿದೆ: ಚೆಂಡು ನೇರ ನೀರಿಗೆ ಬಿದ್ದರೆ ಔಟ್, ತರಬೇಕಾದವನೂ ಹೊಡೆದವನೇ. ಉಬ್ಬರ ಏರಿದಂತೆ ಪಿಚ್ಚು ಗಜ ಗಜ ಹಿಂದೆ ಸರಿಯುತ್ತದೆ. ಪಕ್ಕದಲ್ಲಿ ಕಾಲ್ಚೆಂಡು, ಅದರಾಚೆ ಕಾಲೇಜು ಹುಡುಗಿಯರ ತ್ರೋಬಾಲ್. ಚುರುಮುರಿಯವನು ಮಂಡಕ್ಕಿಗೆ ತೆಂಗಿನೆಣ್ಣೆ, ಈರುಳ್ಳಿ, ಕ್ಯಾರೆಟ್ ತುರಿ, ಖಾರದಪುಡಿ ಹಾಕಿ ಡಬ್ಬಿಯನ್ನು ಸೌಟಿನಿಂದ ಬಡಿಯುವ ಶಬ್ದ ಅಲೆಯ ಸದ್ದನ್ನೂ ಮೀರಿ ಕೇಳುತ್ತದೆ. ಉಪ್ಪುನೀರಿನ ನೆಲ್ಲಿಕಾಯಿ, ಖಾರ ಹಚ್ಚಿದ ಮಾವಿನಕಾಯಿ, ಬೊಂಡ. ಕುದುರೆ, ಒಂಟೆಗಳೂ ಇವೆ. ಒಂಟೆಗೆ ಈ ಸೆಕೆಯ ಊರಿನಲ್ಲಿ ಏನು ಕೆಲಸವೋ, ಅದರ ಮುಖ ನೋಡಿದರೆ ಅದಕ್ಕೂ ಅದೇ ಪ್ರಶ್ನೆ ಇರುವಂತಿದೆ.

ಈ ಹೊತ್ತಿನಲ್ಲಿ ನನ್ನ ಕಣ್ಣು ಹೋಗುವುದು ನೀರಿನಂಚಿನ ಕುಟುಂಬಗಳ ಕಡೆಗೆ. ನಮ್ಮವರು ಕಡಲಿಗೆ ಇಳಿಯುವುದು ಪೂರ್ತಿ ಉಡುಪಿನಲ್ಲಿ. ಚೂಡಿದಾರದ ಅಕ್ಕಂದಿರು ಕೈಕೈ ಹಿಡಿದು ಸರಪಳಿ ಕಟ್ಟಿ ಅಲೆ ಬಂದಾಗ ಒಟ್ಟಿಗೆ ಹಾರುತ್ತಾರೆ, ಬುರ್ಖಾ ತೊಟ್ಟವರ ಸರಪಳಿ ಪಕ್ಕದಲ್ಲೇ ಇರುತ್ತದೆ, ಒಂದೇ ಅಲೆ ಎರಡನ್ನೂ ಕೆಡವುತ್ತದೆ. ಎಲ್ಲರ ಚಪ್ಪಲಿ, ಮೊಬೈಲು, ವ್ಯಾನಿಟಿ ಬ್ಯಾಗು ಕಾಯುತ್ತಾ ಮೇಲೆ ಕೂತ ಮಾವ ಒಬ್ಬರು ಪ್ರತಿ ಸಂಸಾರದಲ್ಲೂ ಇದ್ದೇ ಇರುತ್ತಾರೆ. ಗದಗದಿಂದಲೋ ಕೊಪ್ಪಳದಿಂದಲೋ ಬಂದ ಅಜ್ಜಿ ‘ನಾ ಒಲ್ಲೆ’ ಎನ್ನುತ್ತಲೇ ನೆರಿಗೆ ಎತ್ತಿ ಪಾದ ಮುಳುಗುವಷ್ಟು ಬರುತ್ತಾರೆ, ಬೊಗಸೆಯಲ್ಲಿ ನೀರು ತೆಗೆದು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಾರೆ, ನಾಲಿಗೆಗೆ ಒಂದು ಹನಿ ಹಚ್ಚಿ ಮುಖ ಕಿವುಚುತ್ತಾರೆ. ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯಡಿಯ ಮರಳು ಜಾರಿ, ನಿಂತಲ್ಲೇ ಓಡುತ್ತಿರುವ ಭ್ರಮೆಯಾಗಿ ಸೊಸೆಯ ರಟ್ಟೆ ಹಿಡಿಯುತ್ತಾರೆ. ಆಮೇಲೆ ಅವರನ್ನು ಹೊರಗೆ ಕರೆಯುವುದೇ ಕಷ್ಟ. ಮೊಗವೀರರು ನೂಲ ಹುಣ್ಣಿಮೆಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುತ್ತಾರೆ. ಈ ಅಜ್ಜಿಯ ಬೊಗಸೆ ಅದಕ್ಕಿಂತ ಬಹಳ ದೂರದ್ದೇನಲ್ಲ.

ಬೆಳಕಿನ ವಿಷಯದಲ್ಲಿ ಒಂದು ಆಕ್ಷೇಪ ಇದೆ. ಬೀಚು ಎಂದರೆ ರಾತ್ರಿ ಹೊನಲುಬೆಳಕು ಇರಬೇಕೆಂಬ ಹಟ ಇತ್ತೀಚೆಗೆ ಎಲ್ಲ ಕಡೆ. 2024ರ ಆರಂಭದಲ್ಲಿ ಮಂಗಳೂರಿನ ಕಡಲತಡಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳ ಗೂಡುಗಳು ಸಿಕ್ಕವು, ಅರಣ್ಯ ಇಲಾಖೆ ಬೇಲಿ ಹಾಕಿ ಕಾಯಿತು. ಮೊಟ್ಟೆಯೊಡೆದು ಬಂದ ಮರಿ ಕತ್ತಲಲ್ಲಿ ಹೆಚ್ಚು ಬೆಳಗುವ ಕಡೆಗೆ ಹೊರಡುತ್ತದೆ. ಪ್ರಕೃತಿಯ ಲೆಕ್ಕದಲ್ಲಿ ಅದು ಕಡಲು. ನಾವು ಹೆದ್ದಾರಿಯ ಬದಿಗೆ ದೀಪ ಉರಿಸಿದರೆ ಅದು ಹೆದ್ದಾರಿಗೆ ಹೋಗುತ್ತದೆ. ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ ಮೇಲೆ ಉಳಿದ ಊರುಗಳಿಗೂ ಆಸೆ ಹುಟ್ಟಿದೆ. ಬರಲಿ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಶುದ್ಧ ನೀರು ಮೊದಲು ಬರಲಿ, ದೀಪ ಕೊನೆಗೆ.

ಜೂನ್ ಬಂತೆಂದರೆ ಈ ಇಡೀ ಪಟ್ಟಿಗೆ ರಜೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಆಡುವವರಿಗೆ ಅದಕ್ಕಿಂತಲೂ ಉದ್ದದ ನಿಷೇಧ. ಕೆಂಪು ಬಾವುಟ ನೆಟ್ಟು ಹಗ್ಗ ಕಟ್ಟುತ್ತಾರೆ. ಹಗ್ಗದ ಈಚೆ ನಿಂತು, ಕೊಡೆ ತಿರುವಿಹೋಗದಂತೆ ಹಿಡಿದುಕೊಂಡು, ಕೆಸರಿನ ಬಣ್ಣದ ಅಲೆ ತಡೆಗೋಡೆಗೆ ಬಡಿದು ಮೇಲೇಳುವುದನ್ನು ನೋಡಬಹುದು, ಅಷ್ಟೆ. ಮಳೆಗಾಲದಲ್ಲೂ ಇಳಿಯುತ್ತೇನೆ ಎನ್ನುವವರ ಜತೆ ವಾದಿಸಲು ನನಗೆ ಉಮೇದಿಲ್ಲ.

ಉಳಿದ ತಿಂಗಳುಗಳಲ್ಲಿ ಸೂರ್ಯ ಮುಳುಗಿದ್ದೇ ತಡ ಸೀಟಿಗಳು ಶುರುವಾಗುತ್ತವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾ ಜೀವರಕ್ಷಕರು ಜನರನ್ನು ನೀರಿನಿಂದ ಎಬ್ಬಿಸುತ್ತಾರೆ. ‘ಇನ್ನೊಂದೇ ಅಲೆ ಅಂಕಲ್’ ಎಂಬ ಮಕ್ಕಳ ಅಹವಾಲು ಮೂರು ನಾಲ್ಕು ಅಲೆಗಳವರೆಗೆ ಎಳೆಯುತ್ತದೆ. ನಲ್ಲಿಯ ಬಳಿ ಕ್ಯೂ, ಕಾಲಿನ ಮರಳು ತೊಳೆದಷ್ಟೂ ಮುಗಿಯದು. ಒಣಗಲು ಬಿಟ್ಟು ಒರೆಸಿದರೆ ತಾನೇ ಉದುರುತ್ತದೆ ಎಂಬುದು ಊರಿನವರಿಗೆ ಗೊತ್ತು, ಅವರು ಕ್ಯೂ ನಿಲ್ಲುವುದಿಲ್ಲ. ಕಾರಿನವರು ಗಡ್‌ಬಡ್ ತಿನ್ನಲು ಪೇಟೆಯ ಕಡೆಗೆ ಹಾರ್ನ್ ಹೊಡೆಯುತ್ತಾರೆ. ಹೆದ್ದಾರಿಗೆ ನಡೆದು ಬಂದವರಿಗೆ ಸ್ಟೇಟ್‌ಬ್ಯಾಂಕ್ ಬಸ್ಸು. ಭಾನುವಾರವಾದರೆ ಅದರೊಳಗೆ ಕಾಲಿಡಲು ಜಾಗವಿಲ್ಲ, ಆದರೂ ಕಂಡಕ್ಟರ್ ಮೆಟ್ಟಿಲಲ್ಲೇ ತಡೆದು ಪ್ಯಾಂಟು ಮುಟ್ಟಿ ನೋಡದೆ ಸೀಟು ಬಿಡುವುದಿಲ್ಲ: ‘ಚಂಡಿ ಆದವರು ಹಿಂದೆ ನಿಲ್ಲಿ ಮಾರಾಯ್ರೆ, ಸೀಟು ನಾಳೆಗೂ ಬೇಕು!’